ತರಗೆಲೆಗೆ ಬೆಂಕಿ ಬೇಡ, ಗಿಡದ ಬುಡಕ್ಕೆ ಹಾಕಿ

ಮಾನ್ಯ ಸಂಪಾದಕರೇ,

ನಾನು ಪರ್ಕಳದವನು. ಇಪ್ಪತ್ತೆರಡು ವರ್ಷದಿಂದ ಮಣಿಪಾಲದಲ್ಲಿ ರಿಕ್ಷಾ ಓಡಿಸುತ್ತಿದ್ದೇನೆ. ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟರೆ ಇಂದ್ರಾಳಿ, ಕುಂಜಿಬೆಟ್ಟು, ಕಡಿಯಾಳಿ ಅಂತ ಒಳರಸ್ತೆಗಳಲ್ಲೇ ಜಾಸ್ತಿ ಸುತ್ತಾಟ. ಡಿಸೆಂಬರ್‌ನಿಂದ ಮಾರ್ಚ್ ಮುಗಿಯುವವರೆಗೆ ಈ ಒಳರಸ್ತೆಗಳಲ್ಲಿ ಒಂದೇ ವಾಸನೆ. ಅಂಗಳ ಗುಡಿಸಿ, ತರಗೆಲೆ ರಾಶಿ ಮಾಡಿ, ಗೇಟಿನ ಹೊರಗೆ ಬೆಂಕಿ ಕೊಟ್ಟ ವಾಸನೆ.

ಕಳೆದ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಉಬ್ಬಸ ಇರುವ ಅಮ್ಮ ಒಬ್ಬರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೆ. ದಾರಿಯಲ್ಲಿ ಒಂದು ಮನೆಯೆದುರು ಬಾದಾಮಿ ಎಲೆಯ ರಾಶಿಗೆ ಬೆಂಕಿ ಹಾಕಿದ್ದರು. ರಾತ್ರಿಯ ಮಂಜಿಗೆ ಎಲೆ ಒದ್ದೆಯಾಗಿತ್ತು. ಒದ್ದೆ ಎಲೆ ಸರಿಯಾಗಿ ಉರಿಯುವುದಿಲ್ಲ, ಅದರ ಹೊಗೆ ನೆಲ ಬಿಟ್ಟು ಮೇಲೇಳುವುದೂ ಇಲ್ಲ. ರಸ್ತೆಯ ತುಂಬ ಹಾಗೇ ಕೂತಿತ್ತು. ರಿಕ್ಷಾಕ್ಕೆ ಬಾಗಿಲಿಲ್ಲ, ಗಾಜಿಲ್ಲ. ಆ ಅಮ್ಮ ಸೆರಗನ್ನು ಮೂಗಿಗೆ ಒತ್ತಿ ಹಿಡಿದರು. ಹೊಗೆ ದಾಟುವಷ್ಟರಲ್ಲಿ ಶುರುವಾದ ಕೆಮ್ಮು ಆಸ್ಪತ್ರೆಯ ಮೆಟ್ಟಿಲು ಹತ್ತುವಾಗಲೂ ನಿಂತಿರಲಿಲ್ಲ. ಈ ಪತ್ರ ಬರೆಯಬೇಕು ಅಂತ ಅವತ್ತೇ ಅಂದುಕೊಂಡಿದ್ದೆ. ಈಗ ಮತ್ತೆ ಎಲೆ ಉದುರುವ ಕಾಲ ಬಂದಿದೆ. ಬರೆಯಲೇಬೇಕು ಅಂತ ಕೂತಿದ್ದೇನೆ.

ಹೊಗೆಯ ತೊಂದರೆ ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತಲೂ ಹೊಟ್ಟೆ ಉರಿಯುವುದು ಆ ಎಲೆಯನ್ನು ಕಂಡರೆ. ಅವರು ಸುಟ್ಟು ಹಾಕುವ ಎಲೆಗಾಗಿ ನಾನು ಚೀಲ ಹಿಡಿದುಕೊಂಡು ಮನೆ ಮನೆ ಕೇಳುತ್ತೇನೆ.

ನಮ್ಮದು ಹದಿನಾಲ್ಕು ಸೆಂಟ್ಸ್ ಜಾಗ. ಮನೆ, ಬಾವಿ ಬಿಟ್ಟರೆ ಐದು ತೆಂಗಿನ ಮರ, ನನ್ನ ಹೆಂಡತಿ ನೆಟ್ಟ ಮೂವತ್ತು ಮಲ್ಲಿಗೆ ಗಿಡ, ಒಂದು ಬಸಳೆ ಚಪ್ಪರ, ನಾಲ್ಕು ಸಾಲು ತರಕಾರಿ. ಒಂದೂವರೆ ಅಡಿ ಅಗೆದರೆ ಮುರಕಲ್ಲು, ಅಂದರೆ ಜಂಬಿಟ್ಟಿಗೆ ಕಲ್ಲು. ಅದರ ಮೇಲಿನ ಕೆಂಪು ಮಣ್ಣಿನಲ್ಲಿ ಅರ್ಧಕ್ಕರ್ಧ ಹರಳು. ನೀರು ಹೊಯ್ದರೆ ಹೋದ ದಾರಿ ಕಾಣುವುದಿಲ್ಲ.

2019ರ ಮೇ ತಿಂಗಳು ಉಡುಪಿಯವರು ಮರೆತಿರಲಿಕ್ಕಿಲ್ಲ. ನಗರಕ್ಕೆ ನೀರು ಬರುವ ಬಜೆ ಅಣೆಕಟ್ಟಿನಲ್ಲಿ ಸ್ವರ್ಣಾ ನದಿ ಬತ್ತಿ, ನಳ್ಳಿ ನೀರಿಗೆ ದಿನಗಟ್ಟಲೆ ಕಾದಿದ್ದೆವು. ನಮ್ಮ ಬಾವಿಯಲ್ಲೂ ಕೊಡಪಾನ ಮುಳುಗುವಷ್ಟು ನೀರಿರಲಿಲ್ಲ. ಕುಡಿಯಲಿಕ್ಕೆ ಇಲ್ಲದ ನೀರನ್ನು ಗಿಡಕ್ಕೆ ಎಲ್ಲಿಂದ ತರುವುದು? ಹನ್ನೊಂದು ಮಲ್ಲಿಗೆ ಗಿಡ ಒಣಗಿ ಹೋದವು. ಮಲ್ಲಿಗೆ ಗಿಡ ಅಂದರೆ ಇಲ್ಲಿ ಮನೆಯ ಹೆಂಗಸರ ಕೈಖರ್ಚು, ಮಕ್ಕಳ ಫೀಸು. ಬೆಳಿಗ್ಗೆ ಬೇಗ ಎದ್ದು ಮೊಗ್ಗು ಕೊಯ್ದು, ಕಟ್ಟಿ, ಹೂ ಮಾರುವ ಕಟ್ಟೆಗೆ ಕೊಡುವ ಮನೆಯವರಿಗೆ ಹನ್ನೊಂದು ಗಿಡ ಹೋಗುವುದು ಎಂದರೆ ಏನು ಅಂತ ಗೊತ್ತು.

ಆ ದಿನಗಳಲ್ಲಿ ಪೆರ್ಡೂರು ಕಡೆಯ ಅಡಿಕೆ ತೋಟದ ಹಿರಿಯರೊಬ್ಬರು ನನ್ನ ರಿಕ್ಷಾದಲ್ಲಿ ಬಂದರು. ನನ್ನ ಮಾತು ಕೇಳಿ ಹೇಳಿದರು: "ನೆಲ ಬತ್ತಲೆ ಬಿಟ್ರೆ ಎಷ್ಟು ನೀರು ಹೊಯ್ದ್ರೂ ಸಾಕಾಗುದಿಲ್ಲ ಮಾರಾಯ. ನಿನ್ನ ಅಮ್ಮ ಎಂತ ಮಾಡ್ತಿದ್ರು, ನೆನಪು ಮಾಡು."

ನೆನಪು ಮಾಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನಾನು ಸಣ್ಣವನಿದ್ದಾಗ ಅಮ್ಮ ಮತ್ತು ಅಕ್ಕಪಕ್ಕದ ಹೆಂಗಸರು ಬೇಸಿಗೆಯಲ್ಲಿ ಗುಡ್ಡೆಗೆ ಹೋಗುತ್ತಿದ್ದರು. ಗೇರು ಮರದಡಿ, ಮಾವಿನ ಮರದಡಿ ಹಿಡಿಸೂಡಿಯಲ್ಲಿ ಗುಡಿಸಿ, ದೊಡ್ಡ ಹೆಡಿಗೆಯಲ್ಲಿ ತರಗೆಲೆ ತುಳಿದು ತುಳಿದು ತುಂಬಿಸಿ, ತಲೆಯ ಮೇಲೆ ಹೊತ್ತು ತರುತ್ತಿದ್ದರು. ಅರ್ಧ ದನದ ಹಟ್ಟಿಗೆ, ಇನ್ನರ್ಧ ತೆಂಗಿನ ಬುಡಕ್ಕೆ, ಬಸಳೆಯ ಬುಡಕ್ಕೆ. ಒಬ್ಬರು ಗುಡಿಸುವ ಮರದಡಿಗೆ ಇನ್ನೊಬ್ಬರು ಹೋದರೆ ಜಗಳವೇ ಆಗುತ್ತಿತ್ತು. ತರಗೆಲೆಗೆ ಅಷ್ಟು ಬೆಲೆ ಇತ್ತು. ದಕ್ಷಿಣ ಕನ್ನಡ, ಉಡುಪಿಯಲ್ಲಿ ವರ್ಗ ಜಾಗಕ್ಕೆ, ಅಂದರೆ ಕೃಷಿಕನ ಸ್ವಂತ ಜಾಗಕ್ಕೆ, ತಾಗಿದ ಸರಕಾರಿ ಜಾಗ ಕುಮ್ಕಿ ಅಂತ ಇದೆಯಲ್ಲ, ಅದರಲ್ಲಿ ಕೃಷಿಕನಿಗೆ ಸೊಪ್ಪು, ತರಗೆಲೆ ತೆಗೆದುಕೊಳ್ಳುವ ಅನುಕೂಲ ಹಿಂದಿನಿಂದಲೂ ಇತ್ತು. ಎಲೆ ಇಲ್ಲದೆ ಈ ಮಣ್ಣಿನಲ್ಲಿ ಬೇಸಾಯ ಇಲ್ಲ ಅಂತ ಗೊತ್ತಿದ್ದವರು ಮಾಡಿದ ಏರ್ಪಾಡು ಅದು. ನಮ್ಮ ಮನೆಯಲ್ಲಿ ದನ ಮಾರಿದ ಮೇಲೆ ಹಟ್ಟಿ ಹೋಯಿತು, ಹಟ್ಟಿಯ ಜೊತೆ ತರಗೆಲೆಯೂ ಹೋಯಿತು. ಆಮೇಲೆ ನಾವೂ ಅಂಗಳದ ಮೂಲೆಯಲ್ಲಿ ಬೆಂಕಿ ಹಾಕಿದವರೇ.

2020ರ ಜನವರಿಯಲ್ಲಿ ಎರಡು ಸಾಲು ಬೆಂಡೆ ಹಾಕಿದೆ. ಸಾಲಿಗೆ ಹತ್ತು ಗಿಡ. ಒಂದೇ ಬೀಜ, ಒಂದೇ ಗೊಬ್ಬರ. ಒಂದು ಸಾಲಿನ ಬುಡಕ್ಕೆ ನಾಲ್ಕು ಬೆರಳು ದಪ್ಪ ತರಗೆಲೆ ಹಾಸಿದೆ, ಇನ್ನೊಂದನ್ನು ಹಾಗೇ ಬಿಟ್ಟೆ. ಮಾರ್ಚ್ ಹೊತ್ತಿಗೆ ಬರಿ ನೆಲದ ಸಾಲಿಗೆ ಬೆಳಿಗ್ಗೆ ಎರಡು ಕೊಡಪಾನ, ಸಂಜೆ ಎರಡು ಕೊಡಪಾನ ಬೇಕಾಗುತ್ತಿತ್ತು. ಎಲೆ ಹಾಸಿದ ಸಾಲಿಗೆ ಎರಡು ದಿನಕ್ಕೊಮ್ಮೆ ಎರಡು ಕೊಡಪಾನ ಸಾಕಾಯಿತು. ಮಧ್ಯಾಹ್ನ ಎರಡು ಗಂಟೆಗೆ ಊಟಕ್ಕೆ ಬಂದಾಗ ಚಪ್ಪಲಿ ಕಳಚಿ ಬರಿ ನೆಲದ ಮೇಲೆ ಕಾಲಿಟ್ಟರೆ ಸುಡುತ್ತಿತ್ತು. ಪಕ್ಕದ ಸಾಲಿನಲ್ಲಿ ಎಲೆ ಸರಿಸಿ ಮಣ್ಣಿಗೆ ಕೈ ಹಾಕಿದೆ. ತಂಪು. ಮುಷ್ಟಿ ಹಿಡಿದರೆ ಮಣ್ಣು ಉಂಡೆ ಕಟ್ಟುತ್ತಿತ್ತು. ಕೆಳಗಿನ ಎಲೆಗಳು ಕಪ್ಪಾಗಿ, ನರ ಮಾತ್ರ ಉಳಿದು ಬಲೆಯ ಹಾಗೆ ಆಗಿದ್ದವು. ಅದರ ಮೇಲೆ ಬಿಳಿ ನೂಲಿನಂಥ ಬೂಷ್ಟು. ಒಂದು ಎರೆಹುಳು ಬೆಳಕು ತಾಗಿದ ಕೂಡಲೇ ಒಳಗೆ ಸರಿಯಿತು. ಮುರಕಲ್ಲಿನ ಮೇಲಿನ ನಮ್ಮ ಮಣ್ಣಿನಲ್ಲಿ, ಮಾರ್ಚ್ ತಿಂಗಳಲ್ಲಿ, ಎರೆಹುಳು! ಹೆಂಡತಿಯನ್ನು ಕರೆದು ತೋರಿಸಿದೆ. ಅವತ್ತು ಸಂಜೆಯೇ ಉಳಿದ ಹತ್ತೊಂಬತ್ತು ಮಲ್ಲಿಗೆ ಗಿಡಕ್ಕೂ ಎಲೆ ಬಿತ್ತು.

ಇದರಲ್ಲಿ ಗುಟ್ಟೇನೂ ಇಲ್ಲ. ಬಿಸಿಲು ನೇರವಾಗಿ ಮಣ್ಣಿಗೆ ಬಿದ್ದರೆ ನೀರು ಆವಿಯಾಗಿ ಹೋಗುತ್ತದೆ. ನಡುವೆ ಎಲೆ ಇದ್ದರೆ ಬಿಸಿಲಿನ ಕಾವೂ ತಾಗುವುದಿಲ್ಲ, ಗಾಳಿಯೂ ತಾಗುವುದಿಲ್ಲ. ಬೆಳಕಿಲ್ಲದೆ ಕಳೆಯ ಬೀಜ ಮೇಲೆ ಬರುವುದು ಕಷ್ಟ. ಮೊದಲು ವಾರಕ್ಕೊಮ್ಮೆ ಕಳೆ ಕೀಳಲು ಕೂರುತ್ತಿದ್ದೆವು, ಈಗ ತಿಂಗಳಿಗೊಮ್ಮೆ ಸಾಕು. ಎಲೆ ಕರಗುತ್ತಾ ಗೊಬ್ಬರವಾಗುತ್ತದೆ. ಆ ಗೊಬ್ಬರ ಸೇರಿದ ಮಣ್ಣು ನೀರನ್ನು ಇನ್ನೂ ಜಾಸ್ತಿ ಹಿಡಿದಿಡುತ್ತದೆ. ಮೂರು ವರ್ಷ ಬಿಡದೆ ಹಾಕಿದ ಮೇಲೆ ನಮ್ಮ ಮಲ್ಲಿಗೆ ಬುಡದ ಮಣ್ಣಿನ ಬಣ್ಣವೇ ಬೇರೆಯಾಗಿದೆ. ಕೆಂಪು ಹೋಗಿ ಕಾಫಿ ಪುಡಿಯ ಬಣ್ಣ ಬಂದಿದೆ.

ಬೇಸಿಗೆಗೆ ಮಾತ್ರ ಇದು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಮಳೆಗಾಲಕ್ಕೂ ಅಷ್ಟೇ ಬೇಕು. ನಮ್ಮಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಹೊಯ್ದು ಮುಗಿಯುತ್ತದೆ. ಪಿಯುಸಿ ಓದುವ ನನ್ನ ಮಗಳು ಒಂದು ದಿನ ಲೆಕ್ಕ ಹಾಕಿದಳು. ಹತ್ತು ಸೆಂಟ್ಸ್ ಜಾಗದ ಮೇಲೆ ವರ್ಷಕ್ಕೆ ಬೀಳುವ ನೀರು ಹದಿನಾರು ಲಕ್ಷ ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರ್ ಆದರೆ 260ಕ್ಕಿಂತ ಜಾಸ್ತಿ ಟ್ಯಾಂಕರ್! ಅಷ್ಟು ನೀರು ಬಿದ್ದ ಜಾಗಕ್ಕೆ ಏಪ್ರಿಲ್‌ನಲ್ಲಿ ದುಡ್ಡು ಕೊಟ್ಟು ಟ್ಯಾಂಕರ್ ತರಿಸುತ್ತೇವೆ. ಬರಿ ನೆಲಕ್ಕೆ ದೊಡ್ಡ ಹನಿ ಹೊಡೆದರೆ ಮಣ್ಣು ಚಿಮ್ಮುತ್ತದೆ. ನುಣ್ಣಗಿನ ಮಣ್ಣು ತೊಳೆದು ಚರಂಡಿಗೆ ಹೋಗಿ ಹರಳು ಮಾತ್ರ ಉಳಿಯುತ್ತದೆ. ಜುಲೈಯಲ್ಲಿ ಯಾವುದೇ ಚರಂಡಿ ನೋಡಿ, ಚಹಾದ ಬಣ್ಣದ ನೀರು. ಅದು ಯಾರದ್ದೋ ಹಿತ್ತಿಲಿನ ಮಣ್ಣು. ಎಲೆಯ ಮೇಲೆ ಬಿದ್ದ ಹನಿ ಒಡೆದು, ನಿಧಾನವಾಗಿ ಕೆಳಗೆ ಇಳಿಯುತ್ತದೆ. ಹಾಗಾಗಿ ಮೇ ಕೊನೆಯಲ್ಲಿ ಬರುವ ಪತ್ತನಾಜೆ ಕಳೆದ ಮೇಲೆ, ಮಳೆ ಹಿಡಿಯುವ ಮೊದಲು, ಇನ್ನೊಂದು ಸಲ ಎಲೆ ಹಾಸುತ್ತೇನೆ.

ಎಲ್ಲ ಎಲೆಯೂ ಒಂದೇ ತರ ಅಲ್ಲ. ಇದು ಮಾಡುತ್ತಾ ಗೊತ್ತಾದದ್ದು. ಬಾದಾಮಿ ಎಲೆ, ಸಾಗುವಾನಿ ಎಲೆ ದೊಡ್ಡದು. ಹಾಗೇ ಹಾಸಿದರೆ ತಟ್ಟೆ ಜೋಡಿಸಿದ ಹಾಗೆ ಒಂದರ ಮೇಲೊಂದು ಕೂರುತ್ತದೆ. ನೀರು ಕೆಳಗೆ ಇಳಿಯದೆ ಆಚೆ ಹರಿದು ಹೋಗುತ್ತದೆ. ಅದನ್ನು ಚೀಲದಲ್ಲೇ ತುಳಿದು ಪುಡಿ ಮಾಡಿಕೊಳ್ಳಬೇಕು, ಇಲ್ಲವೇ ಸಣ್ಣ ಎಲೆಯ ಜೊತೆ ಬೆರೆಸಬೇಕು. ಮಳೆಮರದ ಎಲೆ ಸಣ್ಣದು, ಬೇಗ ಕರಗುತ್ತದೆ. ಹಲಸು, ಮಾವು, ಗೇರು ನಿಧಾನ. ಅಕೇಶಿಯಾ ಎಲೆ ಚರ್ಮದ ಹಾಗೆ, ವರ್ಷ ಕಳೆದರೂ ಗುರುತು ಸಿಗುತ್ತದೆ. ಅದನ್ನು ನಾನು ತೆಂಗಿನ ಬುಡಕ್ಕೆ ಮಾತ್ರ ಹಾಕುತ್ತೇನೆ. ಗೊಬ್ಬರದ ಗಿಡ ಅಂತ ಬೇಲಿಗೆ ನೆಡುತ್ತೇವಲ್ಲ, ಗ್ಲಿರಿಸಿಡಿಯಾ, ಅದರ ಹಸಿ ಸೊಪ್ಪು ಎರಡು ಮೂರು ವಾರದಲ್ಲಿ ಮಣ್ಣಾಗುತ್ತದೆ. ಕೆಳಗೆ ಒಂದು ಪದರ ಆ ಸೊಪ್ಪು, ಮೇಲೆ ತರಗೆಲೆ ಹಾಕಿದರೆ ಬಸಳೆಗೆ ಬೇರೆ ಗೊಬ್ಬರವೇ ಬೇಡ ಅನ್ನುವಷ್ಟು ಚಿಗುರು.

ತೆಂಗಿಗೆ ಅದರದ್ದೇ ಮಡಲು, ಅದರದ್ದೇ ಸಿಪ್ಪೆ. ಕಾಸರಗೋಡಿನ ಸಿಪಿಸಿಆರ್‌ಐಯವರು, ಅಂದರೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು, ಹೇಳುವುದೂ ಇದನ್ನೇ. ಬುಡದ ಸುತ್ತ 1.8 ಮೀಟರ್ ದೂರದವರೆಗೆ, ಅಂದರೆ ಸುಮಾರು ಆರು ಅಡಿ, ಒಣಗಿದ ಗರಿಯನ್ನೋ ಸಿಪ್ಪೆಯನ್ನೋ ಮುಚ್ಚಬೇಕು. ಮೇಲೆ ಹಾಸುವ ಸಿಪ್ಪೆಯನ್ನು ಕವುಚಿ ಹಾಕಬೇಕು, ಉಬ್ಬು ಭಾಗ ಮೇಲೆ ಬರುವ ಹಾಗೆ. ಮಳೆಗಾಲದಲ್ಲಿ ಇದು ಬಹಳ ಮುಖ್ಯ. ಅಂಗಾತ ಬಿದ್ದ ಸಿಪ್ಪೆಯಲ್ಲಿ, ಗೆರಟೆಯಲ್ಲಿ, ಅಡಿಕೆ ಹಾಳೆಯಲ್ಲಿ ನೀರು ನಿಂತು ಡೆಂಗ್ಯೂ ಸೊಳ್ಳೆ ಹುಟ್ಟುತ್ತದೆ. 2019ರ ಜುಲೈಯಲ್ಲಿ ಮಂಗಳೂರು ಡೆಂಗ್ಯೂವಿನಿಂದ ಎಷ್ಟು ಕಷ್ಟಪಟ್ಟಿತು ಅಂತ ನೋಡಿದ್ದೇವಲ್ಲ. ಹಾಳೆಯನ್ನು ಕತ್ತರಿಸಿ ಹಾಕಿ. ಗೆರಟೆಯನ್ನು ಹಾಕಲೇಬೇಡಿ.

ನಾನು ಒಂದು ತಪ್ಪು ಮಾಡಿದೆ, ಅದನ್ನೂ ಹೇಳಬೇಕು. ಮೊದಲ ವರ್ಷ ಎರಡು ಪಪ್ಪಾಯಿ ಗಿಡಕ್ಕೆ ಕಾಂಡಕ್ಕೆ ತಾಗುವ ಹಾಗೆ ಎಲೆ ರಾಶಿ ಹಾಕಿದ್ದೆ. ಜೂನ್ ಕೊನೆಗೆ ಒಂದು ಗಿಡ ವಾಲಿತು. ಎಲೆ ಸರಿಸಿ ನೋಡಿದರೆ ಮಣ್ಣಿಗೆ ತಾಗಿದ ಜಾಗದಲ್ಲಿ ಕಾಂಡ ಕೊಳೆತು ಮೆತ್ತಗಾಗಿತ್ತು. ಬೆರಳು ಒಳಗೆ ಹೋಗುತ್ತಿತ್ತು. ಹಣ್ಣಾಗಲು ಬಂದಿದ್ದ ಹನ್ನೆರಡು ಕಾಯಿ ಹೋದವು. ಅವತ್ತಿನಿಂದ ಕಾಂಡದ ಸುತ್ತ ಒಂದು ಗೇಣು ಬಿಟ್ಟೇ ಎಲೆ ಹಾಸುವುದು. ಸಣ್ಣ ಸಸಿಗೆ ನಾಲ್ಕು ಬೆರಳು ಬಿಟ್ಟರೂ ಸಾಕು. ಇನ್ನೊಂದು ವಿಷಯ, ಮರದ ಮಿಲ್ಲಿನ ಹೊಸ ಹುಡಿ ಸಿಗುತ್ತದೆ ಅಂತ ಅದನ್ನು ತರಕಾರಿಗೆ ಸುರಿಯಬೇಡಿ. ಅದು ಕೊಳೆಯುವಾಗ ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತದೆ, ಗಿಡ ಹಳದಿಯಾಗುತ್ತದೆ.

ಎಲೆ ಹಾಕಿ ಅಂದರೆ ಜನ ಮೊದಲು ಹೇಳುವುದು ಹಾವು. ಹೆದರಿಕೆ ಸುಳ್ಳಲ್ಲ. ಹಾಗಾಗಿ ನಡೆಯುವ ದಾರಿಗೆ, ಬಾಗಿಲ ಹತ್ತಿರ, ಮಕ್ಕಳು ಆಡುವಲ್ಲಿ ಎಲೆ ಬೇಡ. ಅಂಗಳ ಗುಡಿಸಿ ಚೊಕ್ಕ ಇಟ್ಟುಕೊಳ್ಳಿ. ಹಾಸಿದ ಎಲೆ ನಾಲ್ಕು ಬೆರಳಿಗಿಂತ ದಪ್ಪ ಬೇಡ, ಮೂಲೆಯಲ್ಲಿ ಎತ್ತರದ ರಾಶಿ ಬಿಡುವುದು ಬೇಡ. ಹಾವು ಅಡಗುವುದು ರಾಶಿಯಲ್ಲಿ, ಕಲ್ಲಿನ ಸಂದಿಯಲ್ಲಿ, ಕಟ್ಟಿಗೆಯ ಅಟ್ಟಿಯಲ್ಲಿ. ಎಲೆ ಸರಿಸುವಾಗ ನಾವು ಮೊದಲು ಕೋಲಿನಲ್ಲಿ ತಟ್ಟುತ್ತೇವೆ, ಬರಿಗೈ ಹಾಕುವುದು ಆಮೇಲೆ. ಇನ್ನು ಒರಲೆ, ಅಂದರೆ ಗೆದ್ದಲು. ಒಣ ಎಲೆಗೆ ಒರಲೆ ಬಂದೇ ಬರುತ್ತದೆ, ಹೆಚ್ಚಾಗಿ ಸತ್ತ ಎಲೆಯನ್ನೇ ತಿನ್ನುತ್ತದೆ. ಮನೆಯ ಗೋಡೆಗೆ, ಮರದ ಕಂಬಕ್ಕೆ ತಾಗದ ಹಾಗೆ ನೋಡಿಕೊಂಡರೆ ಆಯಿತು. ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಮಳೆಯಲ್ಲಿ, ಬಸವನಹುಳದ ಕಾಟ ಜಾಸ್ತಿ ಕಂಡರೆ ತರಕಾರಿ ಸಾಲಿನ ಎಲೆಯನ್ನು ಎರಡು ವಾರ ಬದಿಗೆ ಎಳೆದು ಇಡುತ್ತೇವೆ.

"ಸುಟ್ಟರೆ ಬೂದಿ ಸಿಗುತ್ತದೆ, ಬೂದಿಯೂ ಗೊಬ್ಬರ ಅಲ್ವಾ? ನಮ್ಮ ಹಿರಿಯರು ಸುಡುಮಣ್ಣು ಮಾಡುತ್ತಿರಲಿಲ್ವಾ?" ಅಂತ ಕೇಳುವವರೂ ಇದ್ದಾರೆ. ಒಳ್ಳೆಯ ಪ್ರಶ್ನೆ. ಬೂದಿಯಲ್ಲಿ ಪೊಟ್ಯಾಷ್ ಇದೆ, ಸುಣ್ಣದ ಅಂಶ ಇದೆ. ನಮ್ಮ ಹುಳಿ ಮಣ್ಣಿಗೆ ಅದು ಒಳ್ಳೆಯದೇ. ಆದರೆ ಎಲೆಯಲ್ಲಿದ್ದ ಸಾರಜನಕ ಹೊಗೆಯ ಜೊತೆ ಹೋಗುತ್ತದೆ. ಮಣ್ಣನ್ನು ಮೆದು ಮಾಡುವ, ನೀರು ಹಿಡಿಯುವ ಅಂಶ ಪೂರ್ತಿ ಸುಟ್ಟು ಹೋಗುತ್ತದೆ. ಹಿರಿಯರು ಎಲೆ, ಕಸದ ಜೊತೆ ಮಣ್ಣನ್ನು ಸುಟ್ಟು ಸುಡುಮಣ್ಣು ಮಾಡಿದ್ದು ಸ್ವಲ್ಪವೇ ಸ್ವಲ್ಪ. ಅದನ್ನು ಬುಡಕ್ಕೆ ಹಾಕಿದರು, ಎಣಿಸಿ ಬಳಸಿದರು. ಈಗ ರಸ್ತೆ ಬದಿಯಲ್ಲಿ ಪ್ಲಾಸ್ಟಿಕ್ ಕವರು, ಹಾಲಿನ ತೊಟ್ಟೆ, ಡೈಪರ್ ಎಲ್ಲ ಸೇರಿಸಿ ಸುಡುತ್ತಾರೆ. ಆ ಬೂದಿಯನ್ನು ಯಾರೂ ಗಿಡಕ್ಕೆ ಹಾಕುವುದಿಲ್ಲ, ಮೊದಲ ಮಳೆಗೆ ಚರಂಡಿಗೆ ಹೋಗುತ್ತದೆ.

ಇದು ನಿಯಮಕ್ಕೂ ವಿರುದ್ಧ. 2016ರ ಘನತ್ಯಾಜ್ಯ ನಿರ್ವಹಣೆ ನಿಯಮಗಳಲ್ಲೇ ತೋಟದ ಕಸವನ್ನು ಬೇರೆಯಾಗಿ ನಮ್ಮ ಜಾಗದಲ್ಲೇ ಇಟ್ಟುಕೊಳ್ಳಬೇಕು, ರಸ್ತೆಯಲ್ಲಿ ಸುಡುವ ಹಾಗಿಲ್ಲ ಅಂತ ಇತ್ತು. ಅದೇ ವರ್ಷ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಿನಲ್ಲಿ ಕಸ ಸುಟ್ಟವರಿಗೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟವರಿಗೆ 25,000 ರೂಪಾಯಿ ದಂಡ ಅಂತ ಆದೇಶ ಕೊಟ್ಟಿತ್ತು. ಆದರೆ ನನಗೆ ದಂಡದ ದಾರಿಯಲ್ಲಿ ಅಷ್ಟು ಆಸೆ ಇಲ್ಲ. ಬೆಳಿಗ್ಗೆ ಎದ್ದು ಅಂಗಳ ಗುಡಿಸುವ ಹೆಂಗಸಿಗೆ, ಅಪಾರ್ಟ್‌ಮೆಂಟಿನ ವಾಚ್‌ಮನ್ ಅಣ್ಣನಿಗೆ ಎಲೆಯನ್ನು ಎಲ್ಲಿಗೆ ಹಾಕುವುದು ಅಂತ ಗೊತ್ತಿಲ್ಲ. ಕಸದ ಗಾಡಿಯವರು ಚೀಲಗಟ್ಟಲೆ ಎಲೆ ಬೇಡ ಅನ್ನುತ್ತಾರೆ. ಬೆಂಕಿ ಸುಲಭ.

ಫೆಬ್ರವರಿಯಲ್ಲಿ ನಮಗೆ ಕೆಡ್ಡಸ ಬರುತ್ತದೆ. ಆ ಮೂರು ದಿನ ಭೂಮಿ ಅಗೆಯುವುದಿಲ್ಲ, ಹಸಿ ಗಿಡ ಕಡಿಯುವುದಿಲ್ಲ. ಭೂಮಿ ತಾಯಿ ಮುಟ್ಟಾಗಿದ್ದಾಳೆ ಅಂತ ವಿಶ್ರಾಂತಿ ಕೊಡುತ್ತೇವೆ. ಕೊನೆಯ ದಿನ ನನ್ನ ಹೆಂಡತಿ ತುಳಸಿಕಟ್ಟೆಯ ಹತ್ತಿರ ನೆಲಕ್ಕೆ ಎಣ್ಣೆ ಬಿಡುತ್ತಾಳೆ. ಕಳೆದ ವರ್ಷ ಅವಳು ಎಣ್ಣೆ ಬಿಟ್ಟು ಎದ್ದು ನಿಂತ ಹೊತ್ತಿಗೇ ಆಚೆ ಓಣಿಯಿಂದ ಎಲೆ ಸುಡುವ ಹೊಗೆ ಬಂತು. "ಅವಳಿಗೆ ಹೊದಿಯಲಿಕ್ಕೆ ಇರುವುದನ್ನೇ ಸುಡ್ತಾರಲ್ಲ" ಅಂದಳು. ನನಗೆ ಆ ಮಾತು ಮನಸ್ಸಿನಿಂದ ಹೋಗುವುದಿಲ್ಲ.

ಈಗ ಒಂದು ಅಪಾರ್ಟ್‌ಮೆಂಟಿನವರ ಜೊತೆ ಮಾತಾಡಿದ್ದೇನೆ. ಅಲ್ಲಿಯ ವಾಚ್‌ಮನ್ ಎಲೆ ಗುಡಿಸಿ ಖಾಲಿ ಸಿಮೆಂಟ್ ಚೀಲದಲ್ಲಿ ತುಂಬಿಸಿ ಮೆಟ್ಟಿಲ ಅಡಿಯಲ್ಲಿ ಇಡುತ್ತಾರೆ. ಶನಿವಾರ ನಾನು ಹಿಂದಿನ ಸೀಟಿನಲ್ಲಿ ಹೇರಿಕೊಂಡು ಬರುತ್ತೇನೆ. ಒಂದು ಸಲಕ್ಕೆ ಏಳೆಂಟು ಚೀಲ ಹಿಡಿಯುತ್ತದೆ. ನಮಗೆ ಬೇಕಾದದ್ದು ಬಿಟ್ಟು ಉಳಿದದ್ದನ್ನು ನೆರೆಮನೆಯವರು, ಮಲ್ಲಿಗೆ ಬೆಳೆಸುವ ಇನ್ನೆರಡು ಮನೆಯವರು ತೆಗೆದುಕೊಳ್ಳುತ್ತಾರೆ. ಕಳೆದ ಜನವರಿಯಿಂದ ಮಾರ್ಚ್‌ವರೆಗೆ ಎಂಬತ್ತಕ್ಕಿಂತ ಜಾಸ್ತಿ ಚೀಲ ಬಂದಿದೆ. ಒಂದೇ ಅಪಾರ್ಟ್‌ಮೆಂಟಿನ ಅಂಗಳದಿಂದ!

ಕಲ್ಲಂಗಡಿ, ಸೌತೆ ಬೆಳೆಸುವ ದೊಡ್ಡ ಕೃಷಿಕರು ಪ್ಲಾಸ್ಟಿಕ್ ಶೀಟ್ ಹಾಸುತ್ತಾರೆ. ಅವರ ಲೆಕ್ಕ ಬೇರೆ ಇರಬಹುದು. ಹತ್ತು ಹದಿನೈದು ಸೆಂಟ್ಸ್‌ನವರಿಗೆ ಅದು ಖಂಡಿತ ಬೇಡ. ಎರಡು ಬೇಸಿಗೆಗೆ ಹರಿದು ಚೂರಾಗಿ ಮಣ್ಣಲ್ಲೇ ಉಳಿಯುತ್ತದೆ. ಆರಿಸಿ ತೆಗೆಯಲು ಆಗುವುದಿಲ್ಲ.

ನಗರಸಭೆಯವರಲ್ಲಿ, ಪಂಚಾಯತ್‌ನವರಲ್ಲಿ ನನ್ನದು ಸಣ್ಣ ಕೋರಿಕೆ. ಪ್ರತಿ ವಾರ್ಡಿನಲ್ಲಿ ಒಂದು ಕಡೆ, ಪಾರ್ಕಿನಲ್ಲೋ ಶಾಲೆಯ ಹಿಂದೆಯೋ, ತಂತಿ ಬಲೆಯ ಒಂದು ಗೂಡು ಮಾಡಿ. ತರಗೆಲೆ ಮಾತ್ರ ಅಂತ ದೊಡ್ಡದಾಗಿ ಬರೆಯಿರಿ. ತಂದು ಹಾಕುವವರು ಹಾಕಲಿ, ಬೇಕಾದವರು ತೆಗೆದುಕೊಂಡು ಹೋಗಲಿ. ರಸ್ತೆ ಗುಡಿಸುವವರಿಗೂ ಅಲ್ಲಿಗೇ ಹಾಕಲು ಹೇಳಿ. ಮೊದಲು ಒಂದೇ ವಾರ್ಡಿನಲ್ಲಿ ಮಾಡಿ ನೋಡಿದರೂ ಆಯಿತು, ಆದರೆ ಜನವರಿಯ ಒಳಗೆ ಆಗಬೇಕು. ಬಾದಾಮಿ ಮರ ಆಗಲೇ ಕೆಂಪಾಗಲು ಶುರುವಾಗಿದೆ. ಚೀಲ ಸಾಗಿಸಲು ಗಾಡಿ ಇಲ್ಲ ಅಂತ ಯಾರೂ ಹೇಳುವುದು ಬೇಡ. ಶನಿವಾರ ಮಧ್ಯಾಹ್ನದ ಮೇಲೆ ನನ್ನ ರಿಕ್ಷಾ ಇದೆ, ಬಾಡಿಗೆ ಕೇಳುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ರಿಕ್ಷಾ ಚಾಲಕ,
ಪರ್ಕಳ, ಉಡುಪಿ